ಅಠಾರಾ ಕಚೇರಿ ಮತ್ತು ನಮ್ಮ ಹೆಂಚಿನ ಕೊಠಡಿಗಳು

ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ, ಜಮೀನಿನ ವ್ಯಾಜ್ಯಕ್ಕೆಂದು ಬೆಂಗಳೂರಿಗೆ ಹೊರಟ ಅಪ್ಪನ ಜೊತೆ ಹೋಗಿದ್ದೆ. ವಿಧಾನಸೌಧದ ಎದುರಿನ ಕೆಂಪು ಕಟ್ಟಡ ತೋರಿಸಿ ಅಪ್ಪ, "ಇದೇ ಅಠಾರಾ ಕಚೇರಿ ಕಣೋ" ಎಂದರು. ಫಲಕದಲ್ಲಿ ಹೈಕೋರ್ಟ್ ಎಂದಿತ್ತು. ಅಪ್ಪನ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿತ್ತು.

ಆ ಹೆಸರಿನ ಅರ್ಥ ತಿಳಿದದ್ದು ಆಮೇಲೆ. ಅಠಾರಾ ಎಂದರೆ ಹದಿನೆಂಟು. ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು. ಅದಕ್ಕೂ ಮೊದಲು ಕಚೇರಿಗಳು ಕೋಟೆಯೊಳಗೆ ಟಿಪ್ಪುವಿನ ಅರಮನೆಯಲ್ಲಿದ್ದವು. ಅಲ್ಲಿ ಸ್ಥಳ ಸಾಲದಾಗಿ, ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ, 1864ರಿಂದ 1868ರವರೆಗೆ ಈ ಕಟ್ಟಡ ಎದ್ದಿತು. ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ದಂಡು ಪ್ರದೇಶದಲ್ಲಿ ಬಡ ಮಕ್ಕಳಿಗಾಗಿ ಶಾಲೆ ತೆರೆದವರೂ ಅವರೇ.

ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಪೂರ್ಣಗೊಂಡಾಗ ಸಚಿವಾಲಯ ಅಲ್ಲಿಗೆ ಹೋಯಿತು. ಈ ಕಟ್ಟಡ ನ್ಯಾಯಾಲಯದ ಪಾಲಿಗೆ ಉಳಿಯಿತು. ರಾಜ್ಯ ದೊಡ್ಡದಾಯಿತು, ನಗರ ಬೆಳೆಯಿತು, ಮೊಕದ್ದಮೆಗಳೂ ಹೆಚ್ಚಿದವು. ಮತ್ತೆ ಸ್ಥಳದ ಕೊರತೆ. 1980ರ ದಶಕದಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಬಂತು. ನಾಗರಿಕರು ಸುಮ್ಮನಿರದೆ ಹೈಕೋರ್ಟಿನ ಮೊರೆ ಹೋದರು. ಕಟ್ಟಡದ ಅಳಿವು ಉಳಿವಿನ ಪ್ರಶ್ನೆ ಆ ಕಟ್ಟಡದ ನ್ಯಾಯಾಲಯದ ಮುಂದೆಯೇ ಬಂತು! ಕೊನೆಗೆ ಅದು ಉಳಿಯಿತು. ಬೇಕಾದ ಸ್ಥಳವನ್ನು ಹಿಂಭಾಗಕ್ಕೆ ವಿಸ್ತರಿಸಿ ಪಡೆದರು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲೂ ಹೈಕೋರ್ಟ್ ಪೀಠಗಳು ಆರಂಭವಾದ ಮೇಲೆ ಆ ಭಾಗದ ರೈತರಿಗೆ ಬೆಂಗಳೂರಿನ ದೂರದ ಬಸ್ಸು ತಪ್ಪಿತು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಶಾಲೆಯ ಮುಂದಿನ ಮೂರು ಹೆಂಚಿನ ಕೊಠಡಿಗಳನ್ನು ಕೆಡವಬೇಕೆಂಬ ಮಾತು ಸುವರ್ಣ ಮಹೋತ್ಸವದ ಸಭೆಯಲ್ಲಿ ಬಂದಾಗ, ಸರಿ ಎಂದು ಕೈಯೆತ್ತಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದ ಮೇಲೆ ಅಪ್ಪನ ಜೊತೆ ಕಂಡ ಆ ಕೆಂಪು ಗೋಡೆ ನೆನಪಾಯಿತು. ಊರಿನವರು ಕಲ್ಲು ಹೊತ್ತು, ಗಾಡಿ ಕೊಟ್ಟು, ಎಬ್ಬಿಸಿದ ಕೊಠಡಿಗಳವು. ನಾನು ಪಾಠ ಕೇಳಿದ್ದೂ ಅಲ್ಲೇ.

ಮಕ್ಕಳಿಗೆ ಹೊಸ ಕೊಠಡಿಗಳು ಬೇಕು, ನಿಜ. ಹಿಂದಿನ ಮೈದಾನದ ಅಂಚಿನಲ್ಲಿ ಅವನ್ನು ಕಟ್ಟಬಹುದು. ಹೆಂಚು ತೊಲೆಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ದುರಸ್ತಿಯಾಗುವಂತಿದ್ದರೆ ಹಳೆಯವನ್ನು ವಾಚನಾಲಯ ಮಾಡೋಣ. ಅಂದು ಎತ್ತಿದ ಕೈಯನ್ನು ನಾನು ಇಳಿಸಿದ್ದೇನೆ. ಹಿರಿಯರು, ಗೆಳೆಯರು ಇನ್ನೊಮ್ಮೆ ಯೋಚಿಸಬೇಕೆಂದು ವಿನಂತಿ.