ಷಾನ ಸಂಗೀತ ಲೇಖನಗಳು

ಬರ್ನಾರ್ಡ್ ಷಾ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ನಾಟಕಕಾರನ ಬಿಳಿಯ ಗಡ್ಡ. ಜೊತೆಗೆ ಆತನ ಹೆಸರಿನಲ್ಲಿ ಓಡಾಡುವ, ಆತನು ಆಡಿದನೋ ಇಲ್ಲವೋ ತಿಳಿಯದ ಚಟಾಕಿಗಳು. ಆದರೆ ನಾಟಕಗಳಿಂದ ಕೀರ್ತಿ ಬರುವ ಮುನ್ನ ಆತನು ಲಂಡನ್ನಿನಲ್ಲಿ ಸಂಗೀತ ವಿಮರ್ಶೆ ಬರೆದು ಹೊಟ್ಟೆ ಹೊರೆದವನು. ಅಂದು ಹಾಡಿದವರೂ ಕೇಳಿದವರೂ ಎಂದೋ ಮಣ್ಣಾದರು. ಆ ಕಚೇರಿಗಳು ಯಾವ ಯಂತ್ರದಲ್ಲಿಯೂ ಮುದ್ರಿತವಾಗಲಿಲ್ಲ. ಕೇಳಲಾಗದ ಸಂಗೀತದ ಮೇಲಣ ಬರಹವನ್ನು ಇಂದಿನ ಓದುಗನು ನಗುನಗುತ್ತ ಓದುತ್ತಾನೆಂದರೆ ಅದಕ್ಕೆ ಕಾರಣವಿರಲೇಬೇಕು.

ಷಾ ಹುಟ್ಟಿದ್ದು 1856ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ತಾಯಿ ಗಾಯಕಿ, ಆಕೆಯ ಗುರು ವಾಂಡಲರ್ ಲೀ ಅದೇ ಮನೆಯಲ್ಲಿ ವಾಸವಾಗಿದ್ದನು. ಹುಡುಗನಿಗೆ ಶಾಲೆಯ ಪಾಠಕ್ಕಿಂತ ಮನೆಯೊಳಗಿನ ಸಾಧಕವೇ ಕಿವಿಗೆ ಹತ್ತಿತು. 1873ರಲ್ಲಿ ಗುರುವೂ ತಾಯಿಯೂ ಲಂಡನ್ನಿಗೆ ಹೊರಟುಹೋಗಲು, ಮನೆಯಲ್ಲಿ ಹಾಡು ನಿಂತಿತು. ಆ ಮೌನವನ್ನು ಸಹಿಸಲಾರದೆ, ಕಚೇರಿಯ ಗುಮಾಸ್ತನಾಗಿದ್ದ ಈ ತರುಣನು ತಾನೇ ಪಿಯಾನೋ ಕಲಿಯತೊಡಗಿದನು. ಸರಳೆ ಜಂಟಿಗಳ ಗೊಡವೆಗೆ ಹೋಗದೆ ಮೊಟ್ಸಾರ್ಟನ ‘ಡಾನ್ ಜೋವಾನ್ನಿ’ಗೇ ಕೈಹಾಕಿದನಂತೆ! ನೆರೆಯವರ ಪಾಡನ್ನು ನಾವು ಊಹಿಸಿಕೊಳ್ಳಬಹುದು.

1876ರಲ್ಲಿ ಲಂಡನ್ ಸೇರಿದ ಆತನು ಐದು ಕಾದಂಬರಿಗಳನ್ನು ಬರೆದನು. ಪ್ರಕಾಶಕರು ಅವನ್ನು ಒಂದೊಂದಾಗಿ ಹಿಂದಿರುಗಿಸಿದರು. 1888ರಲ್ಲಿ ‘ಸ್ಟಾರ್’ ಎಂಬ ಸಂಜೆಯ ಪತ್ರಿಕೆ ಹೊರಟಿತು. ರಾಜಕೀಯ ಬರೆಯಲು ಬಿಟ್ಟರೆ ಈತನ ಸಮಾಜವಾದವು ಪತ್ರಿಕೆಯನ್ನೇ ಮುಳುಗಿಸೀತೆಂದು ಸಂಪಾದಕನು ಅಂಜಿದನು. ಸಂಗೀತದ ಅಂಕಣವಾದರೆ ನಿರಪಾಯ ಎಂದುಕೊಂಡಿರಬೇಕು. ಷಾ ತಾಳಿದ ಗುಪ್ತನಾಮ ‘ಕಾರ್ನೊ ದಿ ಬಸೆಟ್ಟೊ’. ಇದೊಂದು ಹಳೆಯ ಊದುವ ವಾದ್ಯದ ಹೆಸರು. ಅದರ ನಾದವು ಎಂತಹ ಶೋಕಮಯವೆಂಬುದು ಮೊದಲೇ ಗೊತ್ತಿದ್ದರೆ ವಿನೋದಗಾರನಿಗೆ ಆ ಹೆಸರಿಡುತ್ತಿರಲಿಲ್ಲವೆಂದು ಆತನೇ ಮುಂದೆ ಒಪ್ಪಿಕೊಂಡನು.

ಈ ಲೇಖನಗಳಲ್ಲಿ ಒಪೆರಾಕ್ಕೊಂದು ಪಂಕ್ತಿ, ಬೀದಿಯ ವಿನೋದಕ್ಕೊಂದು ಪಂಕ್ತಿ ಎಂಬ ಭೇದವಿಲ್ಲ. 1890ರ ಫೆಬ್ರವರಿಯ ಒಂದು ಲೇಖನವನ್ನೇ ನೋಡಿರಿ. ಅಲ್ಹಂಬ್ರಾ ಎಂಬ ಜನಪ್ರಿಯ ರಂಗಮಂದಿರದಲ್ಲಿ ವಿನ್ಸೆಂಟಿ ಎಂಬ ನರ್ತಕನನ್ನು ಕಂಡು ಬಂದ ಷಾ, ನಡುರಾತ್ರಿಯಲ್ಲಿ ತನ್ನ ಮನೆಯಿದ್ದ ಫಿಟ್ಜ್‌ರಾಯ್ ಚೌಕದಲ್ಲಿ ಅದೇ ರೀತಿ ಗಿರಗಿರನೆ ತಿರುಗಹೋಗಿ ಬೀಳುತ್ತಾನೆ. ಹಿಡಿಯಲು ಬಂದ ಪೊಲೀಸನು ಕಾರಣ ಕೇಳಿ ತಾನೂ ತಿರುಗಲಾರಂಭಿಸುತ್ತಾನೆ. ಬಳಿಕ ಮೇಲಧಿಕಾರಿ, ಅಂಚೆಯವನು, ಹಾಲಿನವನು! ನಡೆದ ಸಂಗತಿಯೆಂದು ಯಾರೂ ನಂಬಬೇಕಾಗಿಲ್ಲ. ಆದರೆ ಆ ನರ್ತಕನ ಕಾಲಿನ ಚಳಕವನ್ನು ಹತ್ತು ಪುಟಗಳ ಲಕ್ಷಣ ವಿವರಣೆಯು ಇದಕ್ಕಿಂತ ಚೆನ್ನಾಗಿ ತಿಳಿಸಲಾರದು.

1890ರಿಂದ 1894ರ ವರೆಗೆ ‘ವರ್ಲ್ಡ್’ ಪತ್ರಿಕೆಯಲ್ಲಿ ಬರೆದವುಗಳಲ್ಲಿ ಉಪಾಧ್ಯಾಯರು ತಪ್ಪದೆ ಓದಬೇಕಾದುದೊಂದಿದೆ. ರಾಗದ ಮೊದಲ ಭಾಗ ಎಲ್ಲಿ ಮುಗಿಯಿತು, ಯಾವ ಸ್ವರಕ್ಕೆ ಹೊರಳಿತು ಎಂದು ಪಟ್ಟಿ ಮಾಡುವುದನ್ನೇ ವಿಮರ್ಶೆಯೆಂದು ತಿಳಿದ ಪಂಡಿತರು ಅಂದು ಹಲವರಿದ್ದರು. ಅವರನ್ನು ಅಣಕಿಸಲು ಷಾ 1893ರಲ್ಲಿ ಹ್ಯಾಮ್ಲೆಟ್ಟನ ಪ್ರಸಿದ್ಧ ಸ್ವಗತವನ್ನು ಎತ್ತಿಕೊಂಡು ಅದೇ ಧಾಟಿಯಲ್ಲಿ ವ್ಯಾಕರಣ ಬಿಡಿಸಿ ತೋರಿಸಿದನು. ಎಲ್ಲವೂ ಶುದ್ಧ, ಹ್ಯಾಮ್ಲೆಟ್ಟನು ಮಾತ್ರ ಅದರಲ್ಲಿಲ್ಲ. ಇದನ್ನು ಮೊದಲು ಓದಿದಾಗ ನಾನು ಜೋರಾಗಿ ನಕ್ಕೆ. ಆ ದಿನ ಬೆಳಿಗ್ಗೆಯಷ್ಟೇ ತರಗತಿಯಲ್ಲಿ ಪಂಪನ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿಸಿ, ಗಣ ವಿಂಗಡಿಸಿ, ಸಮಾಸಗಳನ್ನು ಹೇಳಿಸಿ ಗಂಟೆ ಹೊಡೆಯಿತೆಂದು ಎದ್ದುಬಂದುದು ನೆನಪಾದಾಗ ನಗು ಅರ್ಧಕ್ಕೆ ನಿಂತಿತು.

ಷಾ ಹೇಳಿದ್ದೆಲ್ಲ ಸರಿಯೆಂದಲ್ಲ. ವಾಗ್ನರನನ್ನು ಹೊತ್ತು ಮೆರೆಸಿದ ಆತನು ಬ್ರಾಮ್ಸನ ಬಗೆಗೆ ಬರೆದುದು ನ್ಯಾಯವಲ್ಲ. ವೃದ್ಧಾಪ್ಯದಲ್ಲಿ ತಪ್ಪನ್ನು ತಾನೇ ಒಪ್ಪಿದನು. ವಿನೋದದ ಲೇಖನಿಗೆ ಈ ಅಪಾಯ ಇದ್ದೇ ಇದೆ: ಚುಚ್ಚುಮಾತು ಸೊಗಸಾಗಿ ಬಂದರೆ ಅದು ನಿಜವೇ ಎಂದು ನೋಡಲು ಮನಸ್ಸಾಗುವುದಿಲ್ಲ. ಆದರೂ ಆತನ ನಗೆಯ ಹಿಂದೆ ಹಟವೊಂದಿತ್ತು. ಒಳ್ಳೆಯ ಸಂಗೀತವು ವಜ್ರದ ಹಾರ ಧರಿಸಿ ಬರುವವರಿಗಷ್ಟೇ ಮೀಸಲಾಗಬಾರದೆಂದು ಆತನು ವಾರವಾರವೂ ಜಗಳವಾಡಿದನು.

ಪತ್ರಿಕೆಯ ಹಾಳೆಗಳು ಪುಸ್ತಕವಾಗಲು ಬಹುಕಾಲ ಹಿಡಿಯಿತು. ‘ವರ್ಲ್ಡ್’ ಲೇಖನಗಳು 1932ರಲ್ಲಿ ಮೂರು ಸಂಪುಟಗಳಾಗಿ ಬಂದವು. ಬಸೆಟ್ಟೊ ಬರಹಗಳು 1937ರಲ್ಲಿ. 1981ರಲ್ಲಿ ಡಾನ್ ಲಾರೆನ್ಸ್ ಆತನ ಸಂಗೀತ ವಿಮರ್ಶೆಯನ್ನೆಲ್ಲ ಕೂಡಿಸಿ ಮತ್ತೆ ಮೂರು ಸಂಪುಟಗಳಲ್ಲಿ ಹೊರತಂದರು.

ಕನ್ನಡದಲ್ಲಿ ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ‘ಕಲೋಪಾಸಕರು’ ಸಂಪುಟದಲ್ಲಿ ಹಿಂದಿನ ವಿದ್ವಾಂಸರನ್ನು ನಮ್ಮ ಕಣ್ಣೆದುರಿಗೆ ಕುಳ್ಳಿರಿಸಿದ್ದಾರೆ. ಆದರೆ ನಮ್ಮ ಕಾಸರಗೋಡಿನ ಊರುಗಳಲ್ಲಿ ನಡೆದ ತಾಳಮದ್ದಳೆಗಳ ಲೆಕ್ಕವಿಟ್ಟವರಾರು? ಒಮ್ಮೆ ಒಬ್ಬ ವಿದ್ಯಾರ್ಥಿಗೆ, ಕೇಳಿದ್ದನ್ನು ಬರೆದು ತಾ ಎಂದೆ. ಕಾರ್ಯಕ್ರಮವು ವಿಜೃಂಭಣೆಯಿಂದ ನೆರವೇರಿತೆಂದು ಎರಡು ಸಾಲು ತಂದನು. ಹಿಂದಕ್ಕೆ ಕಳುಹಿಸಿದೆ. ಮರುದಿನ ತಂದ ಹಾಳೆಯಲ್ಲಿ, ಕರ್ಣನ ಅರ್ಥ ಹೇಳುತ್ತಿದ್ದವರು ಮಾತು ಮುಗಿಸಲೊಲ್ಲದಿದ್ದುದೂ, ಭಾಗವತರು ಜಾಗಟೆಯನ್ನು ಎರಡು ಸಲ ಎತ್ತಿ ಎರಡು ಸಲವೂ ಕೆಳಗಿಟ್ಟುದೂ, ಹುಡುಗನ ಅಜ್ಜ ನಿದ್ದೆಯಲ್ಲಿಯೇ ತಲೆದೂಗಿದುದೂ ಇದ್ದವು.