ಗೌಡದೇಶದಿಂದ ಬಂದವನ ನೂರು ದ್ರಮ್ಮ

ಮುಂಬಯಿಗೆ ವಸಂತ ಋತು ಅನ್ನುವುದೇ ಇಲ್ಲ, ಇಲ್ಲಿರುವುದು ಮಳೆಗಾಲ ಮತ್ತು ಮಳೆಯಿಲ್ಲದ ಕಾಲ, ಅಷ್ಟೇ ಎಂದು ಊರಿಗೆ ಹೋದಾಗಲೆಲ್ಲ ನಾವೇ ಹೇಳಿಕೊಂಡು ತಿರುಗುತ್ತೇವೆ. ಮಾರ್ಚ್ ತಿಂಗಳಲ್ಲಿ ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಹೈವೇ ದಾಟಿ, ರಾಷ್ಟ್ರೀಯ ಉದ್ಯಾನದ ಒಳಗೆ ಒಂದು ಗಂಟೆ ನಡೆದವರು ಈ ಮಾತು ಆಡುವುದಿಲ್ಲ. ಎಲೆ ಉದುರಿಸಿಕೊಂಡು ನಿಂತ ಕಾಡಿನಲ್ಲಿ ಮುತ್ತುಗ ಹೂ ಬಿಟ್ಟಿರುತ್ತದೆ, ಬೂರುಗದ ಕೆಂಪು ಹೂವಿಗೆ ಹಕ್ಕಿಗಳು ಮುತ್ತಿಕೊಂಡಿರುತ್ತವೆ. ದಾರಿಬದಿಯಲ್ಲಿ ವಾರ್ಲಿ ಹೆಂಗಸರು ಬುಟ್ಟಿಯಲ್ಲಿ ಬೋರೆಹಣ್ಣು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಇಟ್ಟುಕೊಂಡು ಕೂತಿರುತ್ತಾರೆ. ಸುಮಾರು 104 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಚಿರತೆಗಳಿವೆ, ವಿಹಾರ್ ಮತ್ತು ತುಳಸಿ ಎಂಬ ಎರಡು ಕೆರೆಗಳಿವೆ, ನಡುವೆ ಕಾನ್ಹೇರಿಯ ಗುಹೆಗಳಿವೆ. ಇಂದು ಸಂಜಯ ಗಾಂಧಿಯವರ ಹೆಸರು ಹೊತ್ತಿರುವ ಈ ಉದ್ಯಾನಕ್ಕೆ ಮೊದಲಿದ್ದ ಹೆಸರು ಕೃಷ್ಣಗಿರಿ. ಗುಹೆಗಳ ಶಾಸನಗಳಲ್ಲಿ ಬರುವ ಹೆಸರೂ ಅದೇ. ಕೃಷ್ಣಗಿರಿ, ಕಣ್ಹಗಿರಿ, ಕಾನ್ಹೇರಿ. ಕಪ್ಪು ಕಲ್ಲಿನ ಗುಡ್ಡ ಎಂದು ಅರ್ಥ.

ಯುಗಾದಿ ಆದ ಮೇಲಿನ ಭಾನುವಾರ ಎರಡು ಮನೆಯವರು ಸೇರಿ ಇಲ್ಲಿಗೆ ಹೋಗುವುದು ನಮ್ಮಲ್ಲಿ ಒಂದು ರೂಢಿ. ನಾವು ಮೂವರು ಧಾರವಾಡ ಕಡೆಯವರು. ಕಾಂದಿವಲಿಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿರುವ ಶೆಟ್ಟರು ಮತ್ತು ಅವರ ಮನೆಯವರು ಕುಂದಾಪುರದ ಕಡೆಯವರು. ನಮ್ಮ ಡಬ್ಬಿಯಲ್ಲಿ ಹಬ್ಬದ ಉಳಿದ ಹೋಳಿಗೆ, ಅವರ ಡಬ್ಬಿಯಲ್ಲಿ ಚಿತ್ರಾನ್ನ. ಹೋಟೆಲಿನವರಾಗಿಯೂ ಹೋಟೆಲಿನ ತಿಂಡಿ ತರಬಾರದು ಅನ್ನುವುದು ಶೆಟ್ಟರ ಹೆಂಡತಿಯ ಕಟ್ಟಪ್ಪಣೆ. ಈ ಸಲ ಹೊರಡುವಾಗ ಒಂದು ರಗಳೆ ನಡೆಯಿತು. ನಮ್ಮ ಕಟ್ಟಡದ ಕೆಳಗೆ ಮರಿಯಾಗಿ ಸಿಕ್ಕಿ, ಈಗ ನಮ್ಮ ಮನೆಯ ಸೋಫಾ ತನ್ನದೇ ಅಂದುಕೊಂಡಿರುವ ಕರಿಯನನ್ನೂ ಕರೆದುಕೊಂಡು ಹೋಗೋಣ ಎಂದು ಮಗಳು ಹಟ ಹಿಡಿದಳು. ಸಾಕುಪ್ರಾಣಿಗಳಿಗೆ ಉದ್ಯಾನದ ಒಳಗೆ ಪ್ರವೇಶ ಇಲ್ಲ. ಅದು ಸರಿಯಾದ ನಿಯಮವೇ. ಈ ಕಾಡಿನ ಚಿರತೆಗಳಿಗೆ ನಾಯಿ ಅಂದರೆ ಊಟ. ಎದುರು ಮನೆಯ ಗುಜರಾತಿ ಅಜ್ಜಿ, ನಾವೆಲ್ಲ ‘ಬಾ’ ಎಂದು ಕರೆಯುವವರು, ಕರಿಯನನ್ನು ಇಟ್ಟುಕೊಂಡರು. ಬೊರಿವಲಿ ಮುಟ್ಟುವವರೆಗೂ ಮಗಳು ಮುಖ ಊದಿಸಿಕೊಂಡೇ ಕೂತಿದ್ದಳು.

ಅವಳನ್ನು ಸಮಾಧಾನ ಮಾಡಲು ಬಸ್ಸಿನಲ್ಲಿ ನಾನು ಹೇಳಿದ್ದು ಆತಕೂರಿನ ಕಾಳಿಯ ಕಥೆ. ಕಥೆ ಅಂದೆ, ಆದರೆ ಕಲ್ಲಿನ ಮೇಲೆ ಇರುವ ಸಂಗತಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕನ್ನಡ ಶಾಸನ ಅದು. ಶಕ 872, ಅಂದರೆ ಕ್ರಿ.ಶ. 949-50. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಅವನ ಪರವಾಗಿದ್ದ ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದರು. ರಾಜಾದಿತ್ಯ ಅಲ್ಲೇ ಸತ್ತ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗ, ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೊಂದು ದಿನ ಕಾಳಿಯನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆ ನಡೆಯಲಿ ಎಂದು ಭೂಮಿ ಬಿಟ್ಟುಕೊಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟದ ಚಿತ್ರ ಇದೆ. ಒಂದು ಸಾಮ್ರಾಜ್ಯದ ಹಣೆಬರಹ ಬದಲಾಯಿಸಿದ ಯುದ್ಧ ಮತ್ತು ಒಂದು ನಾಯಿಯ ಸಾವು, ಎರಡೂ ಒಂದೇ ಕಲ್ಲಿನಲ್ಲಿ.

“ಅವರಿಗೆ ಪಾರ್ಕಿನೊಳಗೆ ನಾಯಿ ಬಿಡ್ತಿದ್ರು, ನಮಗೆ ಬಿಡಲ್ಲ” ಅಂದಳು ಮಗಳು. ಎಂಟನೇ ಕ್ಲಾಸಿನವರ ಜೊತೆ ವಾದಕ್ಕೆ ಇಳಿಯಬಾರದು.

ಗುಹೆಗಳ ವಿಚಾರಕ್ಕೆ ಬರುತ್ತೇನೆ. ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಪೂರ್ವ ಒಂದನೇ ಶತಮಾನದ ಹೊತ್ತಿನಿಂದ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಇದ್ದರು. ಮೂರನೇ ಗುಹೆಯ ಚೈತ್ಯಾಲಯ, ಅದರ ಪಡಸಾಲೆಯ ಎರಡು ಬದಿಯಲ್ಲಿ ನಿಂತ ಎತ್ತರದ ಬುದ್ಧರು, ಇವನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಗುಹೆಗುಹೆಗೂ ಇರುವ ನೀರಿನ ತೊಟ್ಟಿ. ಮಳೆಯ ನೀರು ಬಂಡೆಯ ಮೇಲಿಂದ ಹರಿದು ಬರಲು ಕಾಲುವೆ ಕೊರೆದು, ಬಾಗಿಲ ಪಕ್ಕದಲ್ಲೇ ತೊಟ್ಟಿ ತೋಡಿದ್ದಾರೆ. ಮಾರ್ಚಿನಲ್ಲೂ ಕೆಲವದರಲ್ಲಿ ನೀರಿತ್ತು. ನಮ್ಮ ಸೊಸೈಟಿಯಲ್ಲಿ ಟ್ಯಾಂಕರ್ ಬರುವ ಕಾಲ ಅದು. ನನ್ನ ಹೆಂಡತಿ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ನಾವು ಪ್ರತಿಸಲ ತಪ್ಪದೆ ಹೋಗುವುದು ಹನ್ನೊಂದನೇ ಗುಹೆಗೆ. ದರ್ಬಾರ್ ಗುಹೆ ಅನ್ನುತ್ತಾರೆ. ದೊಡ್ಡ ಸಭಾಂಗಣ, ಉದ್ದಕ್ಕೂ ಕಲ್ಲಿನಲ್ಲೇ ಬಿಟ್ಟಿರುವ ಎರಡು ತಗ್ಗು ಪೀಠ. ಪಂಕ್ತಿ ಊಟಕ್ಕೆ ಎಲೆ ಹಾಕಿದ ಹಾಗೆ ಕಾಣುತ್ತದೆ ಎಂದು ಶೆಟ್ಟರು ಹೋದಸಲವೇ ಹೇಳಿದ್ದರು. ಇಲ್ಲಿ ಶಕ 775ರ, ಅಂದರೆ ಕ್ರಿ.ಶ. 854ರ ಸುಮಾರಿನ, ಒಂದು ಶಾಸನ ಇದೆ. ರಾಷ್ಟ್ರಕೂಟ ಅಮೋಘವರ್ಷ ಆಳುತ್ತಿದ್ದಾನೆ. ಅವನ ಕೈಕೆಳಗೆ ಶಿಲಾಹಾರರ ಕಪರ್ದಿ ಕೊಂಕಣವನ್ನು ನೋಡಿಕೊಳ್ಳುತ್ತಿದ್ದಾನೆ. ಅಮೋಘವರ್ಷನ ಹೆಸರಿರುವ ಶಾಸನಗಳು ಕಾನ್ಹೇರಿಯಲ್ಲಿ ಒಟ್ಟು ಮೂರು, ಶಕ 765, 775 ಮತ್ತು 799ರವು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡಿದ್ದ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಇವನ್ನು ಓದಿ 1884ರಲ್ಲಿ ಅಚ್ಚು ಹಾಕಿಸಿದರು.

“ಹಾಗಾದ್ರೆ ಮುಂಬಯಿ ನಮ್ದೇ ಅಲ್ದಾ ಮಾರಾಯ್ರೆ!” ಅಂದರು ಶೆಟ್ಟರು. “ನೃಪತುಂಗ ಅಂದ್ರೆ ನಮ್ಮವನೇ. ಕಾವೇರಿಯಿಂದ ಗೋದಾವರಿ. ಇನ್ನು ಯಾರಾದ್ರೂ ‘ತುಮಚ್ಯಾ ಗಾವಾಲಾ ಜಾ’ ಅಂದ್ರೆ ಸೀದಾ ಇಲ್ಲಿಗೆ ಕರ್ಕೊಂಡು ಬಂದು ತೋರಿಸ್ತೆ.”

ಅವರ ಮಾತಿನ ಹಿಂದೆ ನೋವಿತ್ತು. ಹದಿಮೂರನೇ ವಯಸ್ಸಿಗೆ ಬಸ್ಸು ಹತ್ತಿ ಬಂದು, ನಲವತ್ತು ವರ್ಷ ಈ ಊರಿಗೆ ಚಹಾ ಕೊಟ್ಟವರಿಗೆ, ಪಾರ್ಕಿಂಗಿನ ಒಂದು ಜಗಳದಲ್ಲಿ ನೆರೆಯವನೊಬ್ಬ ಆ ಮಾತು ಅಂದಿದ್ದ. ಅದು ಅವರಿಗೆ ಒಳಗೇ ಕೊರೆಯುತ್ತಿತ್ತು. ಆದರೂ ನನಗೆ ಸುಮ್ಮನಿರಲು ಆಗಲಿಲ್ಲ.

“ಹಂಗಲ್ರಿ ಶೆಟ್ರ” ಅಂದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಆಸ್ಥಾನದ ಶ್ರೀವಿಜಯ ಬರೆದ ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿ ಎಂದು ಹೇಳುವುದು ನಿಜ. ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ಅದೇ ಪುಸ್ತಕ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸುತ್ತು. ಸಮುದ್ರದ ದಂಡೆಯ ಮಾತಿಲ್ಲ. ಇನ್ನು ಈ ಗೋಡೆಯ ಶಾಸನ ಇರುವುದು ಸಂಸ್ಕೃತದಲ್ಲಿ. ಶಿಲಾಹಾರರಿಗೆ ಕನ್ನಡದ ನಂಟು ಇರಲಿಲ್ಲ ಎಂದಲ್ಲ. ಉತ್ತರ ಕೊಂಕಣದಲ್ಲಿ ಆಳುತ್ತ ಅವರು ಹೊತ್ತ ಬಿರುದುಗಳಲ್ಲಿ ‘ನನ್ನಿಸಮುದ್ರ’ದಂಥ ಅಚ್ಚಗನ್ನಡದ ‘ನನ್ನಿ’ ಕೂತಿದೆ. ಆದರೆ ರಾಜನ ಬಿರುದಿನಿಂದ ಊರು ಯಾರದ್ದು ಎಂದು ತೀರ್ಮಾನ ಮಾಡಲು ಹೊರಟರೆ ಸಾತವಾಹನ, ಮೌರ್ಯ, ಗುಜರಾತಿನ ಸುಲ್ತಾನ, ಪೋರ್ಚುಗೀಸರು, ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಪಾಳಿ ಬರುವಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ.

“ಮತ್ತೆ ಎಂತ ಉಂಟು ಇದ್ರಲ್ಲಿ ನಮ್ಗೆ?” ಎಂದು ಅವರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು.

ಇದ್ದದ್ದು ದಾನ ಕೊಟ್ಟವನ ವಿಷಯ. ಗೋಡೆಯ ಮೇಲೆ ಹೆಸರು ಬರೆಸಿ ಕೆಲಸ ಮಾಡಿಸಿದವನು ಅಮೋಘವರ್ಷನೂ ಅಲ್ಲ, ಕಪರ್ದಿಯೂ ಅಲ್ಲ. ಅವರ ಹೆಸರು ಬರುವುದು ಕಾಲ ತಿಳಿಸಲಿಕ್ಕೆ. ಕೊಟ್ಟವನು ಅವಿಘ್ನಾಕರ ಎಂಬ ಬೌದ್ಧ ಉಪಾಸಕ, ಗೌಡದೇಶದಿಂದ ಬಂದವನು.

“ಗೌಡ್ರಾ?”

ನಮ್ಮ ಮಂಡ್ಯದ ಗೌಡರಲ್ಲ. ಗೌಡದೇಶ ಅಂದರೆ ಇಂದಿನ ಬಂಗಾಳದ ಸೀಮೆ. ಅಲ್ಲಿಂದ ಇಲ್ಲಿಗೆ, ಭರತಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ಪೂರಾ ದಾಟಿ ಬಂದಿದ್ದ. ಬಂದವನು ಕೃಷ್ಣಗಿರಿಯ ಮಹಾವಿಹಾರದಲ್ಲಿ ಭಿಕ್ಷುಗಳು ಧ್ಯಾನಕ್ಕೆ ಕೂರಲು ಕೋಣೆಗಳನ್ನು ಮಾಡಿಸಿದ. ಅವರ ಬಟ್ಟೆಬರೆಗೆಂದು 100 ದ್ರಮ್ಮ ಇಟ್ಟ. ದ್ರಮ್ಮ ಅಂದರೆ ಬೆಳ್ಳಿಯ ನಾಣ್ಯ. ಖರ್ಚು ಮಾಡಿ ಮುಗಿಸುವ ಹಣ ಅಲ್ಲ ಅದು, ಅಕ್ಷಯನೀವಿ. ಅಸಲು ಹಾಗೇ ಇರಬೇಕು, ಬಡ್ಡಿಯಿಂದ ವರ್ಷ ವರ್ಷ ಬಟ್ಟೆ ಬರಬೇಕು. ಆ ಮೂರು ಶಾಸನಗಳ ತಿರುಳೂ ಹೆಚ್ಚುಕಡಿಮೆ ಇಂಥದ್ದೇ: ದುರಸ್ತಿಗೆ ಇಷ್ಟು, ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ಜಿನಸೇನರ ಶಿಷ್ಯನಾಗಿ ಜೈನಧರ್ಮಕ್ಕೆ ಒಲಿದಿದ್ದ ರಾಜ, ಬೌದ್ಧರ ವಿಹಾರ, ಬಂಗಾಳದ ದಾನಿ, ಸಂಸ್ಕೃತದ ಬರಹ. ಇದರಲ್ಲಿ ಯಾರ ಊರು ಯಾವುದು ಅಂತ ಬಿಡಿಸುತ್ತ ಕೂರುವುದು ನನಗಂತೂ ವ್ಯರ್ಥ ಅನ್ನಿಸುತ್ತದೆ. ಅವಿಘ್ನಾಕರ ಯಾಕೆ ಬಂದ, ವ್ಯಾಪಾರಕ್ಕೋ ಯಾತ್ರೆಗೋ, ಶಾಸನ ಹೇಳುವುದಿಲ್ಲ. ತನ್ನ ನಂತರವೂ ಇಲ್ಲಿ ಯಾರೋ ಇರುತ್ತಾರೆ, ಅವರಿಗೆ ಬಟ್ಟೆ ಬೇಕಾಗುತ್ತದೆ ಎಂದು ಯೋಚಿಸಿದ, ಅಷ್ಟು ಗೊತ್ತು.

ಶೆಟ್ಟರು ಕಲ್ಲುಪೀಠದ ಪಕ್ಕ ಕೂತರು. ಅವರ ಹೆಂಡತಿ ಮಾತು ಬದಲಾಯಿಸಲು ಡಬ್ಬಿ ಬಿಚ್ಚೋಣ ಅಂದರು. ಗುಹೆಯೊಳಗೆ ತಿನ್ನಬಾರದು ಎಂದು ಹೊರಗೆ ಮರದ ನೆರಳಿಗೆ ಬಂದೆವು. ಅಷ್ಟರಲ್ಲಿ ಒಂದು ಕೋತಿ, ಯಾವ ಅವಸರವೂ ಇಲ್ಲದೆ ಬಂದು, ನಾಲ್ಕು ಹೋಳಿಗೆ ಇದ್ದ ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಕಾನ್ಹೇರಿಯಲ್ಲಿ ಇಂದಿಗೂ ದಾನ ನಡೆದೇ ಇದೆ ಎಂದು ನನ್ನ ಹೆಂಡತಿ ಅಂದಾಗ ಶೆಟ್ಟರು ನಕ್ಕರು.

ಊಟವಾದ ಮೇಲೆ ಅವರು ರಾತ್ರಿಶಾಲೆಯ ಮಾತು ತೆಗೆದರು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಂಜೆ ಶರ್ಟು ಬದಲಿಸಿ ಕನ್ನಡ ರಾತ್ರಿಶಾಲೆಗೆ ಹೋಗಿ ಮ್ಯಾಟ್ರಿಕ್ ಮುಗಿಸಿದ ಸಾವಿರಾರು ಹುಡುಗರಲ್ಲಿ ಅವರೂ ಒಬ್ಬರು. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರು ಸಂಘಗಳ ಚರಿತ್ರೆ ಬರೆಯುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಹಾಗೆ ಒಂದೊಂದಕ್ಕೂ ಸ್ಮರಣಸಂಚಿಕೆ ಇದೆ. ಬೇಕಾದ್ದೇ. ಆದರೆ ಕೋಟೆ ಪ್ರದೇಶದ ರಾತ್ರಿಶಾಲೆಗಳಲ್ಲಿ ನಿದ್ದೆ ತೂಗುತ್ತ ಕಲಿತ ಹುಡುಗರ ಚರಿತ್ರೆ ಯಾವ ಕಲ್ಲಿನಲ್ಲೂ ಇಲ್ಲ. ಶೆಟ್ಟರು ಕಲಿತ ಶಾಲೆ ಈಗಿಲ್ಲ. ಹೋಟೆಲಿಗೆ ಊರಿಂದ ಹುಡುಗರು ಬರುವುದೇ ನಿಂತಿದೆ. ಅವರ ಅಡಿಗೆಮನೆಯಲ್ಲಿ ಈಗ ಇರುವವರು ಬಂಗಾಳದ, ಒಡಿಶಾದ ಹುಡುಗರು. “ಮಾಲ್ದಾದವ್ರು ಮೂರು ಜನ ಇದ್ದಾರೆ” ಅಂದರು. ಗೌಡ ಎಂಬ ಹಳೆಯ ರಾಜಧಾನಿಯ ಪಾಳು ಇರುವುದು ಅದೇ ಮಾಲ್ದಾ ಜಿಲ್ಲೆಯಲ್ಲಿ ಎಂದು ಹೇಳಿದೆ. ಶೆಟ್ಟರು ಏನೂ ಅನ್ನದೆ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತ ಕೂತರು.

ಇಳಿಯುವ ಮೊದಲು ಮಕ್ಕಳ ಕಾಲು ಇರುವವರು ಮಾತ್ರ, ಅಂದರೆ ಮಗಳು ಮತ್ತು ನಾನು, ತೊಂಬತ್ತನೇ ಗುಹೆಗೆ ಹತ್ತಿದೆವು. ಅಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009 ಮತ್ತು 1021ರಲ್ಲಿ ಬಂದ ಪಾರ್ಸಿಗಳು ತಾವು ಬಂದ ದಿನ ಮತ್ತು ತಮ್ಮ ಹೆಸರುಗಳನ್ನು ಕೊರೆದಿಟ್ಟಿದ್ದಾರೆ. ಪೂಜೆಗೆ ಬಂದವರಲ್ಲ, ನಮ್ಮ ಹಾಗೆ ನೋಡಲು ಬಂದವರು. ನಾಯಿ ತಂದಿದ್ದರೇ ಎಂದು ಮಗಳು ಕೇಳಿದಳು.

ಸಂಜೆಯ ಲೋಕಲ್ಲಿನಲ್ಲಿ ಜಾಗ ಸಿಕ್ಕಿತು. ಶೆಟ್ಟರು ಟಿಕೆಟ್ಟಿನ ಹಿಂಬದಿಯಲ್ಲಿ ಏನೋ ಲೆಕ್ಕ ಬರೆಯುತ್ತಿದ್ದರು. ಮಾಲ್ದಾದ ಹುಡುಗರಲ್ಲಿ ಚಿಕ್ಕವನಿಗೆ ಹದಿನೆಂಟು. ಹತ್ತನೇ ಕ್ಲಾಸಿಗೆ ಹೊರಗಿನಿಂದ ಕೂರಿಸಬಹುದಾ, ಹಿಂದಿಯಲ್ಲಿ ಬರೆಯಬಹುದಾ ಎಂದು ನನ್ನನ್ನು ಕೇಳಿದರು. ಕೂರಿಸಬಹುದು ಅಂದೆ. ಅವನೊಬ್ಬನದ್ದಲ್ಲ, ಮುಂದೆ ಬರುವವರದ್ದೂ ಆಗಬೇಕು ಅಂದರು. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಕಡೆ ತಿರುಗಿ, ಐದು ವರ್ಷದ ಠೇವಣಿಗೆ ಬಡ್ಡಿ ಎಷ್ಟು ನಡೆದಿದೆ ಎಂದು ವಿಚಾರಿಸಿದರು. ಅವಳು ಹೇಳಿದಳು. “ಅಷ್ಟೇಯಾ?” ಎಂದು ಶೆಟ್ಟರು ಅಸಲಿನ ಅಂಕಿ ಹೊಡೆದು ಹಾಕಿ, ಪಕ್ಕದಲ್ಲಿ ದೊಡ್ಡದೊಂದು ಬರೆದರು.