ಏಳು ವರ್ಷದ ಕಟ್ಟಳೆ

ಒಂದು ಕಸಬು ಕೈಗೆ ಹತ್ತಲು ಎಷ್ಟು ಕಾಲ ಬೇಕೆಂಬುದನ್ನು ಕಸಬುದಾರನೇ ಹೇಳಬೇಕಲ್ಲದೆ ಅರಸರು ಹೇಳುವ ಮಾತಲ್ಲ. ಆದರೂ ಇಂಗ್ಲೆಂಡಿನಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಆಳಿಕೆಯ 1563ರಲ್ಲಿ, ಅದನ್ನು ಶಾಸನವೇ ಗೊತ್ತುಮಾಡಿತು. ಏಳು ವರ್ಷ ಒಡೆಯನ ಕೈಕೆಳಗೆ ಶಿಷ್ಯನಾಗಿ ದುಡಿಯದವನು ಅಂದು ರೂಢಿಯಲ್ಲಿದ್ದ ಕಸಬುಗಳಲ್ಲಿ ಯಾವುದನ್ನೂ ನಡೆಸಕೂಡದು. ಪಟ್ಟಣಗಳಲ್ಲಾದರೆ ಶಿಷ್ಯನಿಗೆ ಇಪ್ಪತ್ತನಾಲ್ಕು ತುಂಬುವ ಮುನ್ನ ಆ ಅವಧಿ ಮುಗಿಯಲೂ ಕೂಡದು. ಕರಾರು ಪತ್ರದಲ್ಲಿ ಹುಡುಗನು ಒಡೆಯನ ಗುಟ್ಟನ್ನು ಕಾಯುವೆನೆಂದೂ, ಪಗಡೆ ಇಸ್ಪೀಟುಗಳನ್ನು ಮುಟ್ಟೆನೆಂದೂ, ಹೆಂಡದಂಗಡಿಗೆ ಕಾಲಿಡೆನೆಂದೂ, ಅವಧಿ ಮುಗಿಯುವತನಕ ಮದುವೆಯಾಗೆನೆಂದೂ ಒಪ್ಪಿಕೊಳ್ಳುತ್ತಿದ್ದನು. ಗುರುಕುಲದ ಕಥೆಗಳನ್ನು ಕೇಳಿ ಬೆಳೆದ ನಮ್ಮವರಿಗೆ ಈ ನಿಯಮಗಳು ತೀರ ಪರಕೀಯವೆನಿಸಲಾರವು. ಭೇದವೇನೆಂದರೆ, ಅಲ್ಲಿ ಅನೇಕ ಕಡೆ ದಕ್ಷಿಣೆಯನ್ನು ವಿದ್ಯೆ ಮುಗಿದ ಮೇಲಲ್ಲ, ಬಾಗಿಲಲ್ಲಿಯೇ ಎಣಿಸಿಕೊಡಬೇಕಾಗಿತ್ತು.

ಈ ಕಟ್ಟಳೆಯ ಅಚ್ಚಿಗೆ ಹೊಂದುತ್ತಿದ್ದವನು ಮೀಸೆ ಮೂಡದ, ಮದುವೆಯಿಲ್ಲದ, ತಂದೆಯ ಕೈಯಲ್ಲಿ ನಾಲ್ಕು ಕಾಸಿದ್ದ ಹುಡುಗನೊಬ್ಬನೇ. ನಲವತ್ತರಲ್ಲಿ ತನ್ನ ಕಸಬು ಕೆಟ್ಟು ಇನ್ನೊಂದನ್ನು ಅರಸುವ ಸಂಸಾರಿಗೆ ಅದರಲ್ಲಿ ಎಡೆಯಿರಲಿಲ್ಲ. ಹೆಂಗಸಿಗೆ ಎಡೆಯಿತ್ತು, ಆದರೆ ಅದು ಮೂಲೆಯ ಎಡೆ.

ಲಂಡನ್ನಿನ ರೇಷ್ಮೆಗಾರ್ತಿಯರ ವೃತ್ತಾಂತವು ಇಲ್ಲಿ ಸ್ವಲ್ಪ ನಿಂತು ನೋಡತಕ್ಕದ್ದಾಗಿದೆ. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ, ಎಂದರೆ ಮೇಲೆ ಹೇಳಿದ ಶಾಸನಕ್ಕೂ ಬಹು ಹಿಂದೆ, ಹೊರದೇಶದಿಂದ ಬಂದ ಕಚ್ಚಾ ರೇಷ್ಮೆಯನ್ನು ಹುರಿಗೊಳಿಸಿ, ಪಟ್ಟಿ, ಲಾಡಿ, ಕುಚ್ಚುಗಳನ್ನು ಹೆಣೆದು ಮಾರುವ ಕೆಲಸ ಆ ನಗರದಲ್ಲಿ ಹೆಂಗಸರ ಕೈಯಲ್ಲಿಯೇ ಇತ್ತು. ಅವರು ಹುಡುಗಿಯರನ್ನು ಏಳು ವರ್ಷದ ಕರಾರಿನ ಮೇಲೆ ಶಿಷ್ಯೆಯರನ್ನಾಗಿ ಪಡೆಯುತ್ತಿದ್ದರು. ಇಟಲಿಯ ವರ್ತಕರು ಕಚ್ಚಾ ರೇಷ್ಮೆಯನ್ನು ಕೂಡಿಟ್ಟು ಬೆಲೆಯೇರಿಸಿದಾಗ 1368ರಲ್ಲಿಯೂ, ಸಿದ್ಧವಸ್ತುಗಳನ್ನು ಹೊರಗಿನಿಂದ ತಂದು ಸುರಿದಾಗ 1455ರಲ್ಲಿಯೂ ಪ್ರಭುತ್ವಕ್ಕೆ ಮೊರೆಯಿಟ್ಟರು. ಇಷ್ಟಾಗಿಯೂ ಅವರಿಗೆ ಲಂಡನ್ನಿನಲ್ಲಿ ತಮ್ಮದೆಂಬ ಒಂದು ಶ್ರೇಣಿ, ಎಂದರೆ ಕಸಬುದಾರರ ಸಂಘ, ಎಂದಿಗೂ ಏರ್ಪಡಲಿಲ್ಲ. ಅದೇ ಕಸಬಿನ ಹೆಂಗಸರು ಜರ್ಮನಿಯ ಕಲೋನ್ ನಗರದಲ್ಲಿ 1437ರಲ್ಲಿಯೇ ಶ್ರೇಣಿಯನ್ನು ಕಟ್ಟಿಕೊಂಡಿದ್ದರು. ಲಂಡನ್ನಿನಲ್ಲಾದರೋ ಒಡತಿಗೆ ಗಂಡನಿದ್ದರೆ, ಶಿಷ್ಯೆಯ ಕರಾರು ಪತ್ರವು ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ಆಗುತ್ತಿತ್ತು. ಕಲಿಯಬೇಕಾದುದು ಹೆಂಡತಿಯ ಕಸಬನ್ನು. ರೇಷ್ಮೆಯ ಎಳೆಯನ್ನು ಹಿಡಿಯಲರಿಯದ ಗಂಡನೂ ಕಾಗದದ ಮೇಲೆ ಗುರುವೇ!

ಬಡವರ ಮಕ್ಕಳ ಪಾಡು ಬೇರೆ. 1601ರ ದರಿದ್ರಪೋಷಣೆಯ ಶಾಸನದಂತೆ ಗ್ರಾಮದ ಅಧಿಕಾರಿಗಳು ಗತಿಯಿಲ್ಲದ ಮಕ್ಕಳನ್ನು ಪರರ ಮನೆಗೆ ಶಿಷ್ಯರೆಂದು ಒಪ್ಪಿಸುತ್ತಿದ್ದರು. ಗಂಡುಮಗುವಾದರೆ ಇಪ್ಪತ್ತನಾಲ್ಕರವರೆಗೆ, ಹೆಣ್ಣಾದರೆ ಇಪ್ಪತ್ತೊಂದು ತುಂಬುವವರೆಗೆ ಅಥವಾ ಮದುವೆಯಾಗುವವರೆಗೆ. ಆ ಹುಡುಗಿಯರಲ್ಲಿ ಬಹುಮಂದಿಯ ಪತ್ರದಲ್ಲಿ ಬರೆದಿರುತ್ತಿದ್ದ ವಿದ್ಯೆ ಗೃಹಕೃತ್ಯ. ಬಿಡಿಸಿ ಹೇಳಿದರೆ, ಸಂಬಳವಿಲ್ಲದ ಮುಸುರೆ.

ಏಳು ವರ್ಷದ ಅವಶ್ಯಕತೆಯನ್ನು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ತನ್ನ ಮಹಾಗ್ರಂಥದಲ್ಲಿ ಕಟುವಾಗಿ ಅಲ್ಲಗಳೆದನು. 1814ರಲ್ಲಿ ಶಾಸನದ ಆ ಭಾಗವು ರದ್ದಾಯಿತು. ಕಾಯಿದೆ ಹೋಯಿತು, ಕಟ್ಟಳೆ ಉಳಿಯಿತು. ಯಂತ್ರಗಾರಿಕೆಯ ಕುಶಲಕರ್ಮಿಗಳು ಅದನ್ನು ತಮ್ಮ ಸಂಘಗಳ ಬಲದಿಂದ ಉಳಿಸಿಕೊಂಡರು. ಕೂಲಿಯನ್ನು ಇಳಿಸಲು ಹೊಂಚುಹಾಕುತ್ತಿದ್ದ ಮಾಲೀಕರೆದುರು ಅವರಿಗೆ ಬೇರೆ ಕೋಟೆ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೆ ಒಳಗಿದ್ದವರನ್ನು ಕಾಯುವ ಕೋಟೆಯು ಹೊರಗಿದ್ದವರನ್ನು ತಡೆಯುವುದೂ ಅಷ್ಟೇ ನಿಜವಷ್ಟೆ.

ಆ ಕೋಟೆಯಲ್ಲಿ ಬಿರುಕು ಬಿಟ್ಟದ್ದು 1915ರಲ್ಲಿ. ಮಹಾಯುದ್ಧಕ್ಕೆ ತೋಪಿನ ಗುಂಡುಗಳು ಸಾಲದೆ, ಗಂಡಸರು ಸೈನ್ಯಕ್ಕೆ ಹೋಗುತ್ತಿರಲಾಗಿ, ಸರಕಾರವು ಆ ವರ್ಷದ ಮಾರ್ಚಿಯಲ್ಲಿ ಸಂಘಗಳೊಡನೆ ಒಡಂಬಡಿಕೆ ಮಾಡಿಕೊಂಡು ಕಾರ್ಖಾನೆಗಳ ಬಾಗಿಲನ್ನು ಹೆಂಗಸರಿಗೆ ತೆರೆಯಿಸಿತು. ಲೇತ್ ಎಂಬ ಕಡೆಯುವ ಯಂತ್ರವನ್ನು ನಡೆಸುವ ಒಬ್ಬ ಟರ್ನರನು ಆದಿಯಿಂದ ಅಂತ್ಯದವರೆಗೆ ಮಾಡುತ್ತಿದ್ದ ಕೆಲಸವನ್ನು ಹಲವು ತುಂಡುಗಳನ್ನಾಗಿ ಒಡೆದರು; ಲೇತನ್ನು ಹೊಂದಿಸಿಕೊಡಲು ನುರಿತ ಗಂಡಸೊಬ್ಬನನ್ನಿರಿಸಿ, ಒಂದೊಂದು ಲೇತಿಗೆ ಒಬ್ಬೊಬ್ಬ ಹೆಂಗಸನ್ನು ನಿಲ್ಲಿಸಿದರು. ಅಳತೆಗೆ ಎರಡು ತುದಿಯ ಗೇಜು: ಒಂದು ತುದಿ ತೂರಬೇಕು, ಇನ್ನೊಂದು ತೂರಬಾರದು; ಎರಡೂ ತೂರಿದರೆ ತುಂಡು ಕೆಟ್ಟಿತೆಂದು ಅರ್ಥ. ನಿನ್ನೆಯವರೆಗೆ ಸಿರಿವಂತರ ಮನೆಯ ಪಾತ್ರೆ ಬೆಳಗಿದವರು, ಅಂಗಿ ಹೊಲಿದವರು, ಮಕ್ಕಳೊಂದಿಗರಾದ ಗೃಹಿಣಿಯರು, ಹೀಗೆ ಶಿಷ್ಯರಾಗುವ ವಯಸ್ಸು ಎಂದೋ ದಾಟಿದ್ದವರು, ಕೆಲವೇ ವಾರಗಳಲ್ಲಿ ತಮ್ಮ ಪಾಲಿನ ಕೆಲಸವನ್ನು ಕಲಿತುಬಿಟ್ಟರು.

ಅವರು ಕಲಿತದ್ದು ಪೂರ್ಣ ಕಸಬಲ್ಲ, ಅದರ ತುಂಡು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ತುಂಡುಮಾಡಿ ಕೊಟ್ಟವರು ಅವರಲ್ಲವಲ್ಲ. ಕೂಲಿಯ ವಿಷಯದಲ್ಲಿ ಇದರ ಮರ್ಮ ಹೊರಬಿತ್ತು. ಪೂರ್ಣ ಕುಶಲಕರ್ಮಿಯ ಕೆಲಸವನ್ನು ಮಾಡುವ ಹೆಂಗಸಿಗೆ ಅವನದೇ ದರ, ಉಳಿದ ಗಂಡಸರ ಕೆಲಸಕ್ಕೆ ವಾರಕ್ಕೆ ಒಂದು ಪೌಂಡು ಎಂದು ಆ ವರ್ಷದ ಅಕ್ಟೋಬರಿನ ಸರಕಾರಿ ಸುತ್ತೋಲೆ ಹೇಳಿತು. ಲೇತನ್ನು ಹೊಂದಿಸಲು ಗಂಡಸೊಬ್ಬನು ಬಂದುಹೋದರೆ ಸಾಕು, ಅವಳದು ಪೂರ್ಣ ಕುಶಲಕರ್ಮವಲ್ಲವೆಂದು ವಾದಿಸುವುದು ಮಾಲೀಕರಿಗೆ ಸುಲಭವಾಯಿತು. ಯುದ್ಧ ಮುಗಿದೊಡನೆ, ಸಂಘಗಳಿಗೆ ಕೊಟ್ಟ ಮಾತಿನಂತೆ, 1919ರ ಕಾಯಿದೆಯು ಹಳೆಯ ಪದ್ಧತಿಗಳನ್ನು ಪುನಃಸ್ಥಾಪಿಸಿತು. ಲೇತುಗಳ ಮುಂದಿದ್ದವರಲ್ಲಿ ಬಹುಮಂದಿ ಮನೆಗೆ ನಡೆದರು. ಯಂತ್ರಕರ್ಮಿಗಳ ದೊಡ್ಡ ಸಂಘವು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು ಎರಡನೆಯ ಯುದ್ಧದ ನಡುವೆ, 1943ರಲ್ಲಿ.

ಇದಾದ ಕಾಲು ಶತಮಾನದ ಮೇಲೆ, 1968ರಲ್ಲಿ, ಡ್ಯಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನಗಳ ಹೊದಿಕೆ ಹೊಲಿಯುವ 187 ಮಂದಿ ಹೆಂಗಸರು ಮುಷ್ಕರ ಹೂಡಿದರು. ಹೊಲಿಗೆಯಲ್ಲಿ ಪರೀಕ್ಷೆ ಕೊಟ್ಟು ಕೆಲಸಕ್ಕೆ ಸೇರಿದ ತಮ್ಮನ್ನು ಕೆಳಗಿನ ದರ್ಜೆಗೆ ಹಾಕಿ, ಆ ದರ್ಜೆಯಲ್ಲಿಯೂ ಗಂಡಸಿನ ಕೂಲಿಯ ನೂರರಲ್ಲಿ 85 ಪಾಲನ್ನು ಮಾತ್ರ ಕೊಡುತ್ತಿರುವುದು ಅವರ ದೂರು. ಮಂತ್ರಿಣಿ ಬಾರ್ಬರಾ ಕ್ಯಾಸಲ್ ನಡುವೆ ಬಂದು ರಾಜಿಮಾಡಿಸಲು ಕೂಲಿ 92 ಪಾಲಿಗೆ ಏರಿತು, ಮುಂದೆ 1970ರ ಸಮಾನ ವೇತನದ ಕಾಯಿದೆಗೂ ಅದೇ ಪ್ರೇರಣೆಯಾಯಿತು. ದರ್ಜೆಯೊಂದು ಮಾತ್ರ ಕದಲಲಿಲ್ಲ. ಸಮಾನ ವೇತನವನ್ನು ಕೊಟ್ಟಾರು, ನೀನು ಕಸಬು ಬಲ್ಲವಳೆಂಬ ಒಂದು ಮಾತನ್ನು ಕೊಡಲು ಹಿಂಜರಿದರು. ಆ ಮಾತಿಗಾಗಿ ಅವರು 1984ರಲ್ಲಿ ಮತ್ತೊಮ್ಮೆ ಮುಷ್ಕರ ಹೂಡಬೇಕಾಯಿತು.

ವಯಸ್ಸಿನ ಬೇಲಿ ಇನ್ನೂ ತಡವಾಗಿ ಬಿದ್ದಿತು. 1990ರ ದಶಕದಲ್ಲಿ ಆ ದೇಶವು ಶಿಷ್ಯವೃತ್ತಿಯನ್ನು ಸರಕಾರದ ಹಣದಿಂದ ಪುನರುಜ್ಜೀವನಗೊಳಿಸಿದಾಗ ಅದು ಎಳೆಯರಿಗೆಂದೇ ಇತ್ತು. ಇಪ್ಪತ್ತೈದರ ಮಿತಿಯನ್ನು ತೆಗೆದದ್ದು 2004ರಲ್ಲಿ. ಆಮೇಲೆ ಪ್ರೌಢರು ಬಂದರು, ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿಯೇ ಬಂದರು. ಆದರೆ ಶಿಶುಪಾಲನೆ, ವೃದ್ಧರ ಶುಶ್ರೂಷೆ, ಕೇಶಾಲಂಕಾರಗಳ ಕಡೆ ಹೆಂಗಸರ ಸಾಲು. ಯಂತ್ರಗಾರಿಕೆ, ಕಟ್ಟಡ, ವಿದ್ಯುತ್ತಿನ ಕೆಲಸಗಳ ಕಡೆ ಗಂಡಸರ ಸಾಲು. ಹೆಚ್ಚಿನ ಸಂಬಳ ಎರಡನೆಯ ಸಾಲಿನ ಕೊನೆಯಲ್ಲಿಯೇ ಇದೆ.